‘ಊಟ ಆತೇನ್ರಿ?’ ಅಂತ ಕೇಳುವುದನ್ನು ಬಿಟ್ಟೆ

ವಿಜಯಪುರದ ಒಂದು ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ನಾನು ಸ್ಟಾಫ್ ನರ್ಸ್. ತುದಿಯಲ್ಲಿ ಕ್ಯಾಮೆರಾ ಇರುವ ಪೈಪನ್ನು ಬಾಯಿಂದ ಇಳಿಸಿ ಹೊಟ್ಟೆಯ ಒಳಗೆ ನೋಡುವ ಕೋಣೆ ಅದು. ಪೈಪ್ ಹಿಡಿಯುವವರು ಡಾಕ್ಟರು. ಅದಕ್ಕೂ ಮೊದಲು ರೋಗಿಯ ಜೊತೆ ಮಾತಾಡಿ ಫಾರ್ಮ್ ತುಂಬುವುದು, ಎಡಮಗ್ಗುಲಿಗೆ ಮಲಗಿಸುವುದು, ಪರೀಕ್ಷೆ ಮುಗಿಯುವ ತನಕ ಪಕ್ಕದಲ್ಲಿ ನಿಂತು ಧೈರ್ಯ ಹೇಳುವುದು ನನ್ನ ಕೆಲಸ. 9 ವರ್ಷ ಆಯ್ತು.

ಎರಡನೇ ವರ್ಷದಲ್ಲಿ ನಡೆದದ್ದು ಇದು. ಇಂಡಿ ಕಡೆಯ ಹಳ್ಳಿಯಿಂದ ಒಬ್ಬ ಅಜ್ಜ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರು. ಹಲವು ತಿಂಗಳಿಂದ ಎದೆ ಉರಿ. ಫಾರ್ಮ್ ಹಿಡಿದುಕೊಂಡು ಕೇಳಿದೆ: ‘ಅಜ್ಜಾರ, ಊಟ ಆತೇನ್ರಿ?’

‘ಇಲ್ರಿ ಯವ್ವಾ. ನಿನ್ನಿ ರಾತ್ರಿ ಉಂಡದ್ದ ಕಡಿ.’

ಖಾಲಿ ಹೊಟ್ಟೆ ಅಂತ ಬರೆದೆ. ಗಂಟಲಿಗೆ ಮರಗಟ್ಟುವ ಔಷಧಿ ಸ್ಪ್ರೇ ಮಾಡಿದೆವು. ಪೈಪ್ ಜಠರದೊಳಗೆ ಇಳಿಯಿತು. ಪರದೆ ಮೇಲೆ ಚುರಮುರಿ ಕಂಡಿತು. ನೆನೆದು ಮೆತ್ತಗಾದ ಚುರಮುರಿ, ಅರ್ಧ ಮುರಿದ ಶೇಂಗಾ, ಮೊಸರಿನ ಹಾಗೆ ಒಡೆದ ಹಾಲು. ಡಾಕ್ಟರು ಪೈಪ್ ಹೊರಗೆಳೆಯುವಷ್ಟರಲ್ಲಿ ಅಜ್ಜನಿಗೆ ವಾಂತಿ ಬಂತು. ತಲೆ ತಗ್ಗಿಸಿ, ಸಕ್ಷನ್ (ಹೀರುವ ಕೊಳವೆ) ಹಾಕಿ ಬಾಯಿ ತೆರವು ಮಾಡಿದೆವು. ಪುಣ್ಯಕ್ಕೆ ಶ್ವಾಸಕೋಶಕ್ಕೆ ಏನೂ ಹೋಗಲಿಲ್ಲ. ನನ್ನ ಕೈ ಮಾತ್ರ ಮಧ್ಯಾಹ್ನದ ತನಕ ನಡುಗುತ್ತಲೇ ಇತ್ತು.

ಹೊರಗೆ ಅಜ್ಜಿ ಕೂತಿದ್ದರು. ಏನು ಕೊಟ್ಟಿದ್ರಿ ಅಂತ ಕೇಳಿದೆ. ‘ಊಟ ಏನೂ ಕೊಟ್ಟಿಲ್ರಿ. ಆರಕ್ಕ ಬಸ್‌ಸ್ಟ್ಯಾಂಡಿನ್ಯಾಗ ಒಂದೀಟು ಸೂಸ್ಲಾ, ಒಂದು ಕಪ್ ಚಾ.’

ಅಜ್ಜ ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಊಟ ಅಂದರೆ ರೊಟ್ಟಿ ಪಲ್ಯ, ಅನ್ನ ಸಾರು. ಸೂಸ್ಲಾ, ಅಂದರೆ ಚುರಮುರಿ ಒಗ್ಗರಣೆ, ನಾಷ್ಟಾ. ಚಹಾ ಅಂತೂ ಲೆಕ್ಕಕ್ಕೇ ಇಲ್ಲ. ಅದೂ ಅಲ್ಲದೆ ‘ಊಟ ಆತೇನ್ರಿ’ ಅನ್ನುವುದು ನಮ್ಮಲ್ಲಿ ನಮಸ್ಕಾರ ಇದ್ದ ಹಾಗೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಕೇಳುತ್ತೇವೆ. ಅದೇ ಮಾತನ್ನು ನಾನು ಒಂದು ಜೀವದ ಪ್ರಶ್ನೆಗೆ ಬಳಸಿದ್ದೆ. ತಪ್ಪು ನನ್ನದು.

ಆರಕ್ಕೆ ತಿಂದ ಸೂಸ್ಲಾ ಒಂಬತ್ತೂವರೆಗೂ ಯಾಕೆ ಅಲ್ಲೇ ಇತ್ತು? ಇದನ್ನು ಅಜ್ಜಿಗೆ ಬಿಡಿಸಿ ಹೇಳಲು ಆ ದಿನ ನನಗೆ ಬರಲಿಲ್ಲ. ಈಗ ದಿನಕ್ಕೆ ನಾಲ್ಕೈದು ಸಲ ಹೇಳುತ್ತೇನೆ. ನಾನು ಪರದೆ ಮೇಲೆ ನೋಡುವ ದಾರಿಯನ್ನೇ ಹೇಳುತ್ತೇನೆ.

ನಮ್ಮ ಪೈಪಿನ ಮೇಲೆ ಸೆಂಟಿಮೀಟರ್ ಗುರುತು ಇರುತ್ತವೆ. ಮುಂದಿನ ಹಲ್ಲಿನಿಂದ ಸುಮಾರು 15 ಸೆಂಟಿಮೀಟರ್ ಒಳಗೆ ಅನ್ನನಾಳ ಶುರು. ಗಾಳಿಯ ದಾರಿ, ಅನ್ನದ ದಾರಿ ಬೇರೆಯಾಗುವುದು ಅಲ್ಲೇ. ನುಂಗುವಾಗ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ, ಕಿರುನಾಲಿಗೆಯಿಂದ ಕೆಳಗಿರುವ ಒಂದು ಮುಚ್ಚಳ ಅದರ ಮೇಲೆ ಬಾಗುತ್ತದೆ. ಗಂಟಲು ಮರಗಟ್ಟಿದಾಗ ಈ ಕಾವಲು ಸಡಿಲ. ಹೊಟ್ಟೆಯಿಂದ ಮೇಲೆ ಬಂದದ್ದು ಗಾಳಿಯ ದಾರಿಗೆ ಇಳಿಯಬಹುದು. ಜಠರದ ಆಮ್ಲ ಶ್ವಾಸಕೋಶ ಸೇರಿದರೆ ಅಲ್ಲಿ ಸುಡುತ್ತದೆ, ನ್ಯುಮೋನಿಯಾ ಆಗಬಹುದು. ಖಾಲಿ ಹೊಟ್ಟೆ ಬೇಕು ಅಂತ ನಾವು ಹಟ ಹಿಡಿಯುವುದು ಇದಕ್ಕೇ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ಅದನ್ನು ಹತ್ತು ಸೆಕೆಂಡಿನ ಒಳಗೆ ದಾಟಿಬಿಡುತ್ತದೆ. ಸುಮ್ನೆ ಜಾರಿ ಬೀಳುವುದಲ್ಲ, ನಾಳದ ಸ್ನಾಯು ಮೇಲಿಂದ ಹಿಂಡುತ್ತಾ ಕೆಳಗೆ ತಳ್ಳುತ್ತದೆ. ಮಲಗಿಕೊಂಡು ನುಂಗಿದರೂ ತುತ್ತು ಹೊಟ್ಟೆ ಸೇರುತ್ತದೆ. 40ರ ಗುರುತಿನ ಹತ್ತಿರ ಒಳಪದರದ ಬಣ್ಣ ತಟ್ಟನೆ ಬದಲಾಗುತ್ತದೆ. ತಿಳಿ ಗುಲಾಬಿ ಹೋಗಿ ಕೆಂಪು ಬರುತ್ತದೆ. ಅದೇ ಜಠರದ ಬಾಗಿಲು. ಆ ಅಜ್ಜನ ಎದೆ ಉರಿಯ ಮೂಲವೂ ಅಲ್ಲೇ ಇತ್ತು. ಮುಂದಿನ ವಾರದ ಪರೀಕ್ಷೆಯಲ್ಲಿ ಕಂಡಿತು, ಬಾಗಿಲು ಸರಿಯಾಗಿ ಬಿಗಿಯದೆ ಆಮ್ಲ ಮೇಲೆ ಚಿಮ್ಮಿ ಅನ್ನನಾಳ ಹುಣ್ಣಾಗಿತ್ತು.

ಅವಸರ ಎಲ್ಲ ಇಲ್ಲಿಯ ತನಕ. ಜಠರಕ್ಕೆ ಅವಸರ ಗೊತ್ತಿಲ್ಲ. ಅದರ ಮೇಲಿನ ಭಾಗ ತಿಂದದ್ದನ್ನು ಕೂಡಿಟ್ಟುಕೊಳ್ಳುತ್ತದೆ. ಕೆಳಗಿನ ಭಾಗ ಅರೆಯುತ್ತದೆ. ನಿಮಿಷಕ್ಕೆ ಸುಮಾರು ಮೂರು ಅಲೆ. ಪರದೆ ಮುಂದೆ ನಿಂತು ನಾನು ಎಷ್ಟೋ ಸಲ ಎಣಿಸಿದ್ದೇನೆ. ಗೋಡೆ ಉಂಗುರದ ಹಾಗೆ ಬಿಗಿಯಾಗುತ್ತಾ ಕೆಳಗೆ ಸರಿಯುತ್ತದೆ. ಕೊನೆಗೆ ಒಂದು ಸಣ್ಣ ಗುಂಡನೆಯ ಕಿಂಡಿ. ಅದು ಒಂದೆರಡು ಮಿಲಿಮೀಟರ್‌ಗಿಂತ ದೊಡ್ಡ ಚೂರನ್ನು ಸಾಮಾನ್ಯವಾಗಿ ಮುಂದೆ ಬಿಡುವುದಿಲ್ಲ. ದೊಡ್ಡದು ಬಂದರೆ ಮತ್ತೆ ಹಿಂದಕ್ಕೆ, ಮತ್ತೆ ಅರೆ. ನೀರಾದರೆ ಬೇಗ ದಾಟುತ್ತದೆ. ಗಟ್ಟಿ ಪದಾರ್ಥಕ್ಕೆ ನಾಲ್ಕೈದು ಗಂಟೆ ಬೇಕು. ಎಣ್ಣೆ, ಶೇಂಗಾ ಇದ್ದರೆ ಇನ್ನೂ ತಡ. ಜಿಡ್ಡು ಸಣ್ಣ ಕರುಳಿಗೆ ತಲುಪಿದ ಕೂಡಲೇ ಅಲ್ಲಿಂದ ಜಠರಕ್ಕೆ ನಿಧಾನ ಅನ್ನುವ ಸುದ್ದಿ ಹೋಗುತ್ತದೆ.

ನಮ್ಮ ರೈತರಿಗೆ ಇದು ಮೊದಲಿಂದ ಗೊತ್ತು. ‘ರೊಟ್ಟಿ, ಶೇಂಗಾ ಹಿಂಡಿ ಉಂಡು ಹೋದ್ರ ಹೊಟ್ಟಿ ತಡೀತದ’ ಅನ್ನುತ್ತಾರಲ್ವಾ. ಹಿಂಡಿ ಅಂದರೆ ಚಟ್ನಿಪುಡಿ. ಹೊಲದಲ್ಲಿ ಬೇಕಾದ ಗುಣ ಅದು. ನಮ್ಮ ಟೇಬಲ್ ಮೇಲೆ ಅದೇ ಅಪಾಯ. ಹಾಗಾಗಿ ಗಟ್ಟಿ ತಿಂಡಿಗೆ ಕನಿಷ್ಠ 6 ಗಂಟೆ, ಎಣ್ಣೆಯ ಪದಾರ್ಥಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ ಅಂತರ ಕೇಳುತ್ತೇವೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕ ಅಲ್ಲ. ಆಮ್ಲ ತಾಕಿದ ಕೂಡಲೇ ಹಾಲು ಒಡೆದು ಗಡ್ಡೆಯಾಗುತ್ತದೆ, ಜಠರಕ್ಕೆ ಅದೂ ತಿಂಡಿಯೇ. ಬಹಳ ವರ್ಷದ ಶುಗರ್ ಇದ್ದವರ ಜಠರ ಇನ್ನೂ ನಿಧಾನ. ನರ ಸೋತಿರುತ್ತವೆ, ಅಲೆಗೆ ಬಲ ಇರುವುದಿಲ್ಲ. ರಾತ್ರಿಯ ಅನ್ನ ಬೆಳಗ್ಗೆ ಕಂಡದ್ದೂ ಉಂಟು. ಆ ಅಜ್ಜನಿಗೂ ಶುಗರ್ ಇತ್ತು. ಹಸಿವಾದರೆ ಹೊಟ್ಟೆ ಖಾಲಿ ಅಂತ ನಂಬಬೇಡಿ.

ಆ ದಿನದಿಂದ ನನ್ನ ಪ್ರಶ್ನೆ ಬದಲಾಯಿತು. ಮೊದಲು ‘ಉಪವಾಸ ಇದ್ದೀರೇನ್ರಿ’ ಅಂತ ಕೇಳಿ ನೋಡಿದೆ. ಅದೂ ಕೈಕೊಟ್ಟಿತು. ಒಬ್ಬ ಅಕ್ಕ ಹೌದು ಅಂದರು. ಅಂದು ಏಕಾದಶಿ. ಬೆಳಗ್ಗೆ ಸಾಬುದಾಣಿ ಖಿಚಡಿ, ಎರಡು ಬಾಳೆಹಣ್ಣು ಆಗಿತ್ತು. ಅವರ ಪ್ರಕಾರ ಅದು ಉಪವಾಸವೇ, ಸರಿಯಾಗಿಯೇ ಹೇಳಿದ್ದರು.

ಈಗ ಹೀಗೆ ಕೇಳುತ್ತೇನೆ: ‘ನಿನ್ನಿ ರಾತ್ರಿಯಿಂದ ಈಗಿನ ತನಕ ಬಾಯಾಗ ಏನೇನು ಹೋತು? ಗಂಟಿ ಹಿಡದು ಹೇಳ್ರಿ.’ ಆಮೇಲೆ ಒಂದೊಂದೇ ಹೆಸರು ಹಿಡಿಯುತ್ತೇನೆ. ಚಹಾ? ಬಿಸ್ಕೀಟು? ಪ್ರಸಾದ? ಗುಳಿಗೆ? ಎಲೆ ಅಡಕೆ? ಎಲೆ ಅಡಕೆಯನ್ನು ನುಂಗುವುದಿಲ್ಲವಲ್ಲ ಅಂತ ಬಹಳ ಜನ ಕೇಳುತ್ತಾರೆ. ಅಗಿಯಲು ಶುರು ಮಾಡಿದ ಕೂಡಲೇ ಜೊಲ್ಲು ಸುರಿಯುತ್ತದೆ, ಜಠರವೂ ಊಟ ಬಂತು ಅಂತ ರಸ ಬಿಡುತ್ತದೆ. ಬಾಯಿಗೆ ಹಾಕಿದ ಆಹಾರ ಹೊಟ್ಟೆ ತಲುಪದಿದ್ದರೂ ಜಠರರಸ ಸುರಿಯುತ್ತದೆ ಅಂತ ರಷ್ಯಾದ ಇವಾನ್ ಪಾವ್ಲೋವ್ ನಾಯಿಗಳಲ್ಲಿ ತೋರಿಸಿಕೊಟ್ಟರು. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ಅವರಿಗೆ ನೊಬೆಲ್ ಬಂತು. ಇದೇ ಪ್ರಶ್ನೆಗಳನ್ನು ರೋಗಿಯ ಜೊತೆ ಬಂದವರಿಗೂ ಬೇರೆಯಾಗಿ ಕೇಳುತ್ತೇನೆ. ನಿಜವಾದ ಉತ್ತರ ಜಾಸ್ತಿ ಸಲ ಅಲ್ಲೇ ಸಿಗುತ್ತದೆ.

ಬಾಯಿಂದ ಹೋದ ಪೈಪ್ ಸಣ್ಣ ಕರುಳಿನ ಶುರುವಿನ ತನಕ ಮಾತ್ರ ಮುಟ್ಟುತ್ತದೆ. ಅಲ್ಲಿ ಪಿತ್ತರಸ ಹಳದಿಯಾಗಿ ಜಿನುಗುವುದು ಕಾಣುತ್ತದೆ. ಜಿಡ್ಡನ್ನು ಕರಗುವ ಹಾಗೆ ಒಡೆಯುವುದು ಅದೇ. ಗೋಡೆ ಮಖಮಲ್ಲಿನ ಹಾಗೆ ಕಾಣುತ್ತದೆ. ಕೂದಲಿನಂಥ ಸಣ್ಣ ಲಕ್ಷಾಂತರ ಎಳೆಗಳು ಅಲ್ಲಿ ತಿಂದದ್ದರ ಸತ್ವ ಹೀರಿಕೊಳ್ಳುತ್ತವೆ. ಮುಂದಿನ ಸುಮಾರು 6 ಮೀಟರ್ ನಮಗೆ ಕಾಣುವುದಿಲ್ಲ. ಅದಕ್ಕೆ ಗುಳಿಗೆಯ ಗಾತ್ರದ ಕ್ಯಾಮೆರಾ ನುಂಗಿಸುವ ಪದ್ಧತಿ 2001ರಿಂದ ಬಳಕೆಯಲ್ಲಿದೆ.

ದೊಡ್ಡ ಕರುಳನ್ನು ಕೆಳಗಿನಿಂದ ನೋಡುತ್ತೇವೆ. ಅದು ಕೊಲೊನೋಸ್ಕೋಪಿ. ನನ್ನ ಎರಡನೇ ಪಾಠ ಅಲ್ಲಿಯದು.

ಮುದ್ದೇಬಿಹಾಳ ಕಡೆಯ ಒಬ್ಬ ತಾಯಿ. ಕೂಲಿ ಕೆಲಸ. ಹಿಂದಿನ ಎರಡು ದಿನ ಹಗುರ ಊಟ ಮಾಡಿ, ಆಮೇಲೆ ಪುಡಿ ಕಲಸಿದ ನೀರು ಕುಡಿದು ಹೊಟ್ಟೆ ತೊಳೆದುಕೊಂಡು ಬನ್ನಿ ಅಂತ ನಾನೇ ಹೇಳಿದ್ದೆ. ನೀರೆಲ್ಲ ಕಷ್ಟಪಟ್ಟು ಕುಡಿದಿದ್ದರು. ಆದರೂ ಪರದೆ ತುಂಬ ಕಾಳು. ಬಿಳಿ ಎಳ್ಳು, ಅಗಸಿ, ಹೊಟ್ಟು. ಪೈಪಿನ ಸಕ್ಷನ್ ದಾರಿ ಕಟ್ಟಿಕೊಂಡಿತು. ಪರೀಕ್ಷೆ ನಿಲ್ಲಿಸಬೇಕಾಯ್ತು.

‘ಏನು ಉಂಡಿದ್ರಿ ಯವ್ವಾ?’

‘ಹಗೂರ ಉಣ್ಣಂದಿದ್ರಲ್ರಿ. ಪಲ್ಯ ಸುದ್ದಾ ಬಿಟ್ಟೇನಿ. ಬರೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅಗಸಿ ಹಿಂಡಿ.’

ಹಗುರ ಅಂದರೆ ಅವರಿಗೆ ಬಡ ಊಟ, ಕಮ್ಮಿ ಊಟ. ನನಗೆ ನಾರು ಮತ್ತು ಕಾಳು ಇಲ್ಲದ ಊಟ. ತಿಂದದ್ದು ಸಣ್ಣ ಕರುಳನ್ನು ನಾಲ್ಕೈದು ಗಂಟೆಯಲ್ಲಿ ದಾಟಬಹುದು, ಆದರೆ ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನಲ್ಲಿ ಒಂದು ದಿನ, ಕೆಲವರಲ್ಲಿ ಎರಡು ದಿನವೂ ಇರುತ್ತದೆ. ದೊಡ್ಡ ಕರುಳು ನೀರು ಹೀರುತ್ತಾ, ಒಳಗಿರುವ ಸೂಕ್ಷ್ಮಜೀವಿಗಳಿಗೆ ನಾರನ್ನು ಉಣಿಸುತ್ತಾ ಮೆಲ್ಲಗೆ ಸರಿಸುತ್ತದೆ. ಎಳ್ಳು, ಅಗಸಿಯ ಸಿಪ್ಪೆ ಕರಗುವುದಿಲ್ಲ. ಅಗಿಯದೆ ನುಂಗಿದ ಕಾಳು ಹಾಗೇ ಹೊರಗೆ ಬರುತ್ತದೆ. ಸೀತನಿ (ಸುಟ್ಟ ಎಳೆ ಜೋಳ) ತಿಂದ ಮರುದಿನ ಎಲ್ಲರೂ ಕಂಡಿರುತ್ತೀರಿ.

ಆ ತಾಯಿ ಇನ್ನೊಂದು ದಿನದ ಕೂಲಿ ಬಿಟ್ಟು, ಮತ್ತೆ ಬಸ್ಸಿಗೆ ದುಡ್ಡು ಹಾಕಿ, ಮತ್ತೆ ಅಷ್ಟೂ ನೀರು ಕುಡಿದು ಬಂದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನಬೇಕಿತ್ತು.

ಅಂದು ಸಂಜೆ ಹಳೆಯ ಚೀಟಿ ಹರಿದು ಹೊಸದು ಬರೆದೆ. ಅದರಲ್ಲಿ ‘ಹಗುರ ಆಹಾರ’ ಅನ್ನುವ ಮಾತೇ ಇಲ್ಲ. ಬಿಳಿ ಅನ್ನ, ಮಜ್ಜಿಗೆ, ರವೆ ಗಂಜಿ, ಇಡ್ಲಿ ಉಣ್ಣಿರಿ. ರೊಟ್ಟಿ ಬೇಡ. ಅಗಸಿ, ಗುರೆಳ್ಳು, ಶೇಂಗಾ, ಯಾವ ಹಿಂಡಿಯೂ ಬೇಡ. ಎಳ್ಳು ಬೇಡ. ಮೆಂತ್ಯ, ಸೊಪ್ಪು, ಬದನೆ, ಸೌತೆ, ಪೇರಲ ಬೇಡ. ಬೀಟ್‌ರೂಟ್, ಕೆಂಪು ಶರಬತ್ತು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತವೆ. ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದೆ: ಪರೀಕ್ಷೆ ಮುಗಿದ ಮೇಲೆ ಮತ್ತೆ ರೊಟ್ಟಿ, ಹಿಂಡಿ, ಸೊಪ್ಪು ಶುರು ಮಾಡಿ, ಕರುಳಿಗೆ ಅವು ಒಳ್ಳೆಯವು. ಇದನ್ನು ಬರೆಯದಿದ್ದರೆ ಡಾಕ್ಟರು ರೊಟ್ಟಿ ಬಿಡಿಸಿದ್ದಾರೆ ಅಂತ ಜನ ವರ್ಷಗಟ್ಟಲೆ ಬಿಟ್ಟೇಬಿಡುತ್ತಾರೆ.

ಓದಲು ಬಾರದವರಿಗೆ ಚೀಟಿ ಸಾಲದು. ಅದಕ್ಕೆ ಹಿಂದಿನ ದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ನಿನ್ನೆ ಒಬ್ಬ ಕಾಕಾ ಅವರೇ ಕೇಳಿದರು: ‘ಸಿಸ್ಟರ್, ನಾಳಿ ಸೋಮವಾರ. ಸಿದ್ಧೇಶ್ವರ ಗುಡಿಗಿ ಹೋಗಿ ಬರ್ತೇನಿ. ಪ್ರಸಾದ ಒಂದೀಟು ತಗೊಂಡ್ರ ನಡೀತದೇನ್ರಿ?’

‘ಕೈಯಾಗ ತಗೋರಿ ಕಾಕಾ, ಬಾಯಾಗ ಬ್ಯಾಡ. ಕಟ್ಕೊಂಡು ಬರ್ರಿ. ಪರೀಕ್ಷೆ ಮುಗದು ಗಂಟಲ ಜೋಮು ಬಿಟ್ಟ ಮ್ಯಾಲ ತಿನ್ರಿ. ನನಗೂ ಒಂದೀಟು ಕೊಡ್ರಿ.’

ಇವತ್ತು ಬೆಳಗ್ಗೆ ಕಾಗದದ ಪೊಟ್ಟಣ ಹಿಡಿದುಕೊಂಡೇ ಬಂದರು. ಸಕ್ಕರೆ, ಕೊಬ್ಬರಿ ಇತ್ತು.