ಸಾ ಕುಮಿಗೆ ನಿಂತುಹೋಗುತ್ತಿದ್ದ ಪೈ: ಇರಿಂಗಾದಲ್ಲಿ ಮೊದಲ ಒಂಬತ್ತು ದಿನ

ಇವತ್ತು ಸಂಜೆ ನಾಲ್ಕೂವರೆ ಆಯಿತು, ಐದಾಯಿತು, ಲೈಬ್ರರಿಯ ಪುಟ್ಟ ಕಂಪ್ಯೂಟರ್ ಪೈ ನಿಲ್ಲಲಿಲ್ಲ! ಅದರಿಂದ ಪುಟ ತೆರೆಯುವ ಎಂಟು ಟ್ಯಾಬ್ಲೆಟ್ ಒಟ್ಟಿಗೆ ಓಡುತ್ತಿದ್ದವು. ನಾನು ಮೂಲೆಯಲ್ಲಿ ಮಲ್ಟಿಮೀಟರ್ ಹಿಡಿದು ಕೂತಿದ್ದೆ. ಮೀಟರ್ 5.06 ವೋಲ್ಟ್‌ನಲ್ಲೇ ಇತ್ತು. ಒಂಬತ್ತು ದಿನದಲ್ಲಿ ಇದೇ ಮೊದಲು. ಖುಷಿ ಆರುವ ಮುಂಚೆ ಬರೆದುಬಿಡುತ್ತೇನೆ.

ತಾಂಜಾನಿಯಾದ ಇರಿಂಗಾ ಹತ್ತಿರದ ಒಂದು ಹಳ್ಳಿ ಶಾಲೆಗೆ ಮೂರು ತಿಂಗಳ ಸ್ವಯಂಸೇವೆಗೆ ಬಂದಿದ್ದೇನೆ. ಇಂಟರ್ನೆಟ್ ಇಲ್ಲದ ಲೈಬ್ರರಿಗೆ ರಾಸ್ಪ್‌ಬೆರಿ ಪೈ 4, ಅದರ ಮೇಲೆ ಇಂಟರ್ನೆಟ್ ಇಲ್ಲದೆಯೇ ಪಾಠ, ಪುಟ ತೋರಿಸುವ ಸಾಫ್ಟ್‌ವೇರ್‌ಗಳಾದ ಕೊಲಿಬ್ರಿ ಮತ್ತು ಕಿವಿಕ್ಸ್, ಒಳಗೆ ಸ್ವಾಹಿಲಿ ವಿಕಿಪೀಡಿಯ. ಇನ್‌ಸ್ಟಾಲ್ ಮಾಡಿದ ಕಥೆ ಬಿಡುತ್ತೇನೆ. ದಾರ್ ಎಸ್ ಸಲಾಮ್‌ನಿಂದ ಸುಮಾರು 500 ಕಿ.ಮೀ. ಬಸ್ಸು. ಮಿಕುಮಿ ಕಾಡಿನ ನಡುವೆಯೇ ಹೆದ್ದಾರಿ ಹೋಗುತ್ತದೆ. ಹಾರ್ಡ್‌ಡಿಸ್ಕ್ ತೊಡೆ ಮೇಲಿಟ್ಟುಕೊಂಡು ಕಿಟಕಿಯಲ್ಲೇ ಜಿರಾಫೆ ನೋಡಿದೆ. ಇರಿಂಗಾ 1,500 ಮೀಟರ್‌ಗಿಂತ ಎತ್ತರದ ಊರು, ರಾತ್ರಿ ಕಂಬಳಿ ಬೇಕೇ ಬೇಕು. ಸೊಳ್ಳೆಪರದೆ ಕಟ್ಟಿದ್ದು, ಬಕೆಟ್ ಸ್ನಾನ, ಉಗಾಲಿ ಇವ್ಯಾವುದೂ ಕಷ್ಟ ಅನಿಸಲಿಲ್ಲ. ಮುದ್ದೆ ಉಂಡ ಕೈಗೆ ಉಗಾಲಿ ಮುರಿಯೋದನ್ನ ಯಾರೂ ಕಲಿಸಬೇಕಿಲ್ಲ, ಅಲ್ವಾ?

ಕಷ್ಟ ಕೊಟ್ಟಿದ್ದು ಗಂಟೆ.

ಮೂರನೇ ದಿನ ಪೈ ಹಚ್ಚಿದೆ. ಶಾಲೆಯ ಸೋಲಾರ್ ಬ್ಯಾಟರಿ 12 ವೋಲ್ಟ್, ಇರೋದು ಆಫೀಸ್ ಕೋಣೆಯಲ್ಲಿ. ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರನ್ನು ಬ್ಯಾಟರಿ ಪಕ್ಕದಲ್ಲೇ ಇಟ್ಟು 5.1 ವೋಲ್ಟ್‌ಗೆ ಹೊಂದಿಸಿದೆ. ಅಲ್ಲಿಂದ ಐದು ಮೀಟರ್ ವೈರ್ ಎಳೆದು ಪಕ್ಕದ ಲೈಬ್ರರಿಯಲ್ಲಿ ಪೈಗೆ ಕೊಟ್ಟೆ. ಗೊತ್ತು, 5 ವೋಲ್ಟನ್ನು ಅಷ್ಟು ದೂರ ಎಳೆಯಬಾರದು, ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಆದರೆ ವೈರ್ 1.5 ಚದರ ಮಿ.ಮೀ.ದು. ಹೋಗಿ ಬರುವ ಹತ್ತು ಮೀಟರ್‌ಗೆ 0.12 ಓಮ್. 1.6 ಆಂಪ್ ಎಳೆದರೂ ಬೀಳೋದು 0.2 ವೋಲ್ಟ್ ಒಳಗೇ. ಲೆಕ್ಕ ಸರಿ ಇತ್ತು.

ನಾಲ್ಕನೇ ದಿನ ಲೈಬ್ರರಿ ನೋಡಿಕೊಳ್ಳುವ ಮ್ವಾಲಿಮು ಬಂದು, ನಿನ್ನೆ ಪೈ ಮತ್ತೆ ಮತ್ತೆ ನಿಂತುಹೋಯಿತು ಅಂದರು. ಮ್ವಾಲಿಮು ಅಂದರೆ ಇಲ್ಲಿ ಮೇಷ್ಟ್ರು, ಟೀಚರಮ್ಮ, ಎಲ್ಲರಿಗೂ ಅದೇ ಮಾತು. ದೇಶದ ಮೊದಲ ಅಧ್ಯಕ್ಷ ನ್ಯೆರೆರೆ ಅವರನ್ನು ಜನ ಈಗಲೂ ಬರೀ ಮ್ವಾಲಿಮು ಅಂತಲೇ ಕರೆಯುತ್ತಾರೆ. ಎಷ್ಟು ಹೊತ್ತಿಗೆ ನಿಂತಿತು ಅಂತ ಕೇಳಿದೆ. "ಸಾ ಕುಮಿ," ಅಂದರು. ಸಾ ಅಂದರೆ ಗಂಟೆ, ಕುಮಿ ಅಂದರೆ ಹತ್ತು. ಒಂದರಿಂದ ಹತ್ತು ಬಸ್ಸಲ್ಲೇ ಕಲಿತಿದ್ದೆ.

ಐದು, ಆರು, ಏಳನೇ ದಿನ, ಮೂರೂ ದಿನ ಬೆಳಗ್ಗೆ ಹತ್ತಕ್ಕೆ ಪೈ ಮುಂದೆ ಕೂತೆ. ಒಂದು ಸಲವೂ ನಿಲ್ಲಲಿಲ್ಲ. ವೋಲ್ಟೇಜ್ ಬಿದ್ದಿತ್ತೇ ಅಂತ ಪೈ ಇಟ್ಟುಕೊಳ್ಳುವ ಥ್ರಾಟಲ್ ಗುರುತು ಓದಿದರೆ ಸೊನ್ನೆ. ಆ ಗುರುತು ರೀಬೂಟ್ ಆದಾಗ ಅಳಿಸಿಹೋಗುತ್ತದೆ, ಹಿಂದಿನ ದಿನದ್ದು ಸಿಗೋದಿಲ್ಲ. ಎಸ್‌ಡಿ ಕಾರ್ಡ್ ಸವೆಯದಿರಲಿ ಅಂತ, ಏನೇನಾಯಿತೆಂದು ಪೈ ಬರೆದಿಡುವ ಲಾಗ್‌ಗಳನ್ನು ರ‍್ಯಾಮ್‌ಗೆ ಹಾಕಿದ್ದೆ, ಅವೂ ಕರೆಂಟ್ ಜೊತೆಗೇ ಹೋಗುತ್ತಿದ್ದವು. ಕಾರ್ಡ್ ಬದಲಾಯಿಸಿದೆ. ಹೀಟ್‌ಸಿಂಕ್ ಹಾಕಿದೆ. ಲಾಗ್ ಕಾರ್ಡ್‌ಗೇ ಬರೆಯಲಿ ಅಂತ ಮಾಡಿದೆ. ಆಮೇಲೆ ನೋಡಿದರೆ ಕೊನೇ ಸಾಲು ರಾತ್ರಿ 2 ಗಂಟೆ 17 ನಿಮಿಷದ್ದು! ಆ ಹೊತ್ತಲ್ಲಿ ಶಾಲೆಗೇ ಬೀಗ. ಪೈ ಒಳಗೆ ಗಡಿಯಾರ ಇಲ್ಲ, ಇಂಟರ್ನೆಟ್ಟೂ ಇಲ್ಲ. ಆರಿ ಹೊತ್ತಿದಾಗೆಲ್ಲ ಅದು ಕೊನೆಗೆ ಉಳಿಸಿಕೊಂಡ ಸಮಯದಿಂದಲೇ ಎಣಿಸಲು ಶುರುಮಾಡುತ್ತದೆ. ಕರೆಂಟ್ ಹೋದರೂ ಸಮಯ ಎಣಿಸುವ ಆರ್‌ಟಿಸಿ ಮಾಡ್ಯೂಲ್ ಒಂದನ್ನು ಊರಲ್ಲೇ ತರಿಸಿದ್ದೆ. ಆರ್ಡರ್ ಮಾಡಿದ್ದು ಡಿಎಸ್3231, ಪೊಟ್ಟಣದಲ್ಲಿ ಬಂದದ್ದು ಅಷ್ಟು ನಿಖರವಲ್ಲದ ಡಿಎಸ್1307, ನೋಡಿದ್ದು ಹೊರಡುವ ಹಿಂದಿನ ರಾತ್ರಿ. ಅದನ್ನು ಮನೆಯಲ್ಲೇ ಬಿಟ್ಟು ಬಂದೆ.

ಸೋಲಾರ್‌ನಿಂದ ಬ್ಯಾಟರಿ ತುಂಬುವುದನ್ನು ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್ ಮೇಲೆ ಅನುಮಾನ ಬಂತು. ಏಳನೇ ದಿನ ಊರಿನ ಫುಂಡಿಯನ್ನು ಕರೆದೆ. ಫುಂಡಿ ಅಂದರೆ ಕೈಕಸುಬು ಬಲ್ಲವರು, ಬಡಗಿಯಿಂದ ಮೆಕ್ಯಾನಿಕ್‌ವರೆಗೆ ಎಲ್ಲರೂ. ಇವರು ರೇಡಿಯೊ, ಫೋನು ರಿಪೇರಿ ಮಾಡುವ ಹಿರಿಯರು. ಹಿರಿಯರಿಗೆ ಹೇಳುವ ನಮಸ್ಕಾರ "ಶಿಕಮೋ" ಅಂದೆ, ಅದಕ್ಕೆ ಉತ್ತರವಾಗಿ "ಮರಹಬಾ" ಅಂದರು. ಮನೆ, ಆರೋಗ್ಯ, ಕೆಲಸ ಎಲ್ಲ ವಿಚಾರಿಸಿ ಆದಮೇಲೆಯೇ ವಿಷಯಕ್ಕೆ ಬರಬೇಕು. ನಮ್ಮ ಹಳ್ಳಿಗಳಲ್ಲೂ ಜಗಲಿ ಮೇಲೆ ಕೂತು ನೀರು ಕುಡಿದ ಮೇಲೆ ತಾನೇ ಮಾತು ಶುರು? ನಾಳೆ "ಸಾ ತಾತು"ಗೆ ಬರುತ್ತೇನೆ ಅಂದರು. ತಾತು ಅಂದರೆ ಮೂರು.

ಎಂಟನೇ ದಿನ ಮಧ್ಯಾಹ್ನ ಮೂರಕ್ಕೆ ಗೇಟ್ ಹತ್ತಿರ ನಿಂತೆ. ಮೂರೂವರೆ ಆಯಿತು. ಮ್ವಾಲಿಮು ಬಂದು, ಅವರು ಬೆಳಗ್ಗೇನೇ ಬಂದು ಕಾದು ಹೋದರಲ್ಲ ಅಂದರು. ನಂಗೆ ಅರ್ಥವೇ ಆಗಲಿಲ್ಲ. ಆಗ ಅವರು ನನ್ನ ಕೈಗಡಿಯಾರದ ಮೇಲೆ ಬೆರಳಿಟ್ಟರು. ಸಣ್ಣ ಮುಳ್ಳು ಎಲ್ಲಿದೆಯೋ ಅದರ ಸರಿ ಎದುರಿನ ಅಂಕಿ ತೋರಿಸಿದರು. ಸ್ವಾಹಿಲಿಯಲ್ಲಿ ದಿನ ಶುರುವಾಗೋದು ಸೂರ್ಯನ ಜೊತೆ. ಬೆಳಗ್ಗೆ ಏಳು ಗಂಟೆ ಅಂದರೆ ಸಾ ಮೋಜಾ, ಒಂದನೇ ಗಂಟೆ. ಒಂಬತ್ತು ಅಂದರೆ ಸಾ ತಾತು. ಹಾಗಾದರೆ ಸಾ ಕುಮಿ?

ಸಂಜೆ ನಾಲ್ಕು!

ಕ್ಲಾಸು ಮುಗಿಸಿ ಮಕ್ಕಳು ಲೈಬ್ರರಿಗೆ ಬರುವ ಹೊತ್ತು. ಎಂಟೂ ಟ್ಯಾಬ್ಲೆಟ್ ಹತ್ತುವ ಹೊತ್ತು. ಆ ಸಮಯಕ್ಕೇ ನಾನು ದಿನಾ ಊರ ಆ ತುದಿಯಲ್ಲಿ ಸ್ವಾಹಿಲಿ ಪಾಠಕ್ಕೆ ಹೋಗುತ್ತಿದ್ದೆ. ಅವತ್ತು ಪಾಠ ಬಿಟ್ಟು ಮೀಟರ್ ಹಿಡಿದು ಕೂತೆ. ಮಕ್ಕಳಿಲ್ಲದಾಗ 4.88. ನಾಲ್ಕು ಟ್ಯಾಬ್ಲೆಟ್‌ಗೆ 4.7. ಎಂಟನೆಯದು ವಿಡಿಯೊ ಒತ್ತಿದ್ದೇ ತಡ, 4.5, ಪೈ ಢಮಾರ್. 4.63ಕ್ಕಿಂತ ಕೆಳಗೆ ಹೋದರೆ ಪೈ ಎಚ್ಚರಿಕೆ ಕೊಡುತ್ತದೆ. ಬೆಳಗ್ಗೆಯೂ 4.88 ಕಂಡಿತ್ತು. ನನ್ನ ಲೆಕ್ಕದ ಪ್ರಕಾರ 5.03 ಇರಬೇಕಿತ್ತು. ಮೀಟರ್‌ನ ಬ್ಯಾಟರಿ ಹಳೇದು ಅಂದುಕೊಂಡು ಬಿಟ್ಟಿದ್ದೆ. ಆ 0.15 ವೋಲ್ಟ್ ಮೂರು ದಿನದಿಂದ ನಿಜ ಹೇಳುತ್ತಲೇ ಇತ್ತು.

ಇವತ್ತು ಬೆಳಗ್ಗೆ, ಸಾ ತಾತುಗೆ, ವೈರ್ ತುಂಡು ಹಿಡಿದು ಫುಂಡಿ ಅಂಗಡಿಗೆ ಹೋದೆ. ತಡವಾಗಿದ್ದಕ್ಕೆ ಕ್ಷಮೆ ಕೇಳಿದೆ. ಅವರು ನಕ್ಕು ಸ್ಟೂಲ್ ಸರಿಸಿದರು. ವೈರನ್ನು ಬೆರಳಲ್ಲಿ ಒಮ್ಮೆ ಬಗ್ಗಿಸಿ ನೋಡಿದರು, ಅಷ್ಟೇ. ಬ್ಲೇಡ್ ತಗೊಂಡು ಉದ್ದಕ್ಕೆ ಸೀಳಿದರು. ದಪ್ಪ ಕೆಂಪು ರಬ್ಬರು, ಹುಣಸೆಹಣ್ಣಿನ ಸಿಪ್ಪೆ ಹಾಗೆ ಬಿಚ್ಚಿಕೊಂಡಿತು. ಒಳಗೆ ತಾಮ್ರ ಒಂದು ಚಿಟಿಕೆ. ಎಳೆಗಳನ್ನು ಬಿಡಿಸಿ ಅಂಗೈ ಮೇಲೆ ಹರಡಿದರು. ಕೂದಲಿನಷ್ಟು ಸಣ್ಣ. ಪಕ್ಕದಲ್ಲಿ ತಮ್ಮ ಡಬ್ಬಿಯಿಂದ ಒಂದು ನಿಜವಾದ 1.5ರ ತುಂಡು ಇಟ್ಟರು. ಅದರ ಮೂರನೇ ಒಂದು ಪಾಲೂ ಇಲ್ಲ ನಂದು! "ಪೋಲೆ," ಅಂದರು ಮೆಲ್ಲಗೆ. ಪಾಪ, ಹೀಗಾಗಬಾರದಿತ್ತು ಅನ್ನೋ ಥರದ ಮಾತು ಅದು.

ಅರ್ಧ ಚದರ ಮಿ.ಮೀ. ಅಂತ ಲೆಕ್ಕ ಹಾಕಿದರೆ 0.36 ಓಮ್. 1.6 ಆಂಪ್‌ಗೆ 0.58 ವೋಲ್ಟ್ ಮಾಯ. 5.1ರಲ್ಲಿ ಕಳೆದರೆ 4.52. ಮೀಟರ್ ತೋರಿಸಿದ್ದು ಅದನ್ನೇ. ಈ ವೈರ್ ತಂದದ್ದು ಬೆಂಗಳೂರಿನ ಎಸ್‌ಪಿ ರಸ್ತೆಯ ಒಂದು ಅಂಗಡಿಯಿಂದ. ಮೈಮೇಲೆ 1.5 ಅಂತ ಅಚ್ಚು ಬೇರೆ ಹಾಕಿದ್ದಾರೆ. ನನಗೆ ಸಿಟ್ಟು ಬಂದಿರೋದು ದುಡ್ಡಿಗಲ್ಲ. ಮಕ್ಕಳು ಪುಟ ತೆಗೆದು ಓದಲು ಶುರುಮಾಡಿದಾಗೆಲ್ಲ ಅದು ಅರ್ಧಕ್ಕೇ ಆರಿಹೋಗುತ್ತಿತ್ತಲ್ಲ, ಅದಕ್ಕೆ. ದಯವಿಟ್ಟು ಕೊಳ್ಳುವಾಗ ಅಂಗಡಿಯಲ್ಲೇ ಅರ್ಧ ಇಂಚು ಸುಲಿದು ನೋಡಿ.

ಪೇಟೆಯಿಂದ 2.5ರ ಮನೆ ವೈರಿಂಗ್ ವೈರ್ ತಂದೆವು, ಇದನ್ನು ಮೊದಲೇ ಸುಲಿದು ನೋಡಿಯೇ ತಂದದ್ದು. ಈಗ ಐದು ಮೀಟರ್ ದೂರ ಹೋಗೋದು 12 ವೋಲ್ಟ್. ಕನ್ವರ್ಟರ್ ಪೈ ಪಕ್ಕಕ್ಕೇ ಬಂದಿದೆ. ಅದೇ ಶಕ್ತಿಗೆ ಕರೆಂಟ್ ಮುಕ್ಕಾಲು ಆಂಪ್ ಆಸುಪಾಸಿಗೆ ಇಳಿಯಿತು. ದಾರಿಯಲ್ಲಿ ಸ್ವಲ್ಪ ಬಿದ್ದರೂ ಕನ್ವರ್ಟರ್ ಸರಿಮಾಡಿಕೊಳ್ಳುತ್ತದೆ. ಬ್ಯಾಟರಿ ತುದಿಗೆ 3 ಆಂಪ್ ಫ್ಯೂಸ್ ಇದೆ. ಫುಂಡಿ ಸಂಜೆವರೆಗೂ ನಿಂತು ನೋಡಿಯೇ ಮನೆಗೆ ಹೋದರು.

ಇನ್ನು ಮುಂದಿನದು. ಲೈಬ್ರರಿ ಗೋಡೆಗೆ ಎರಡು ಸಾಲಿನ ಗಡಿಯಾರ ಮಾಡಬೇಕು. ಮೇಲೆ ಸ್ವಾಹಿಲಿ ಗಂಟೆ, ಕೆಳಗೆ ನನ್ನಂಥವರ ಗಂಟೆ. ಪಂಚಾಂಗದಲ್ಲಿ ಗಳಿಗೆ ಎಣಿಸೋದೂ ಸೂರ್ಯೋದಯದಿಂದಲೇ. ಅಜ್ಜಿ ಹೇಳುತ್ತಿದ್ದ ಜಾವದ ಲೆಕ್ಕವೂ ಸೂರ್ಯನನ್ನೇ ಹಿಡಿದದ್ದು. ಮೂರನೇ ಸಾಲಲ್ಲಿ ಗಳಿಗೆಯನ್ನೂ ಹಾಕುವ ಆಸೆ ಇದೆ, 24 ನಿಮಿಷಕ್ಕೆ ಒಂದು. ಸ್ವಾಹಿಲಿ ಸಾಲಿಗೆ ಆರು ಗಂಟೆ ಕಳೆದರೆ ಸಾಕು. ಗಳಿಗೆಗೆ ಮಾತ್ರ ಆ ದಿನದ ನಿಜವಾದ ಸೂರ್ಯೋದಯ ಬೇಕು. ಇಲ್ಲಿ ಸಮಭಾಜಕ ಹತ್ತಿರ, ವರ್ಷವಿಡೀ ಸೂರ್ಯೋದಯ ಜಾಸ್ತಿ ಸರಿಯೋದಿಲ್ಲ, ತಿಂಗಳಿಗೊಂದು ಪಟ್ಟಿ ಹಾಕಿದರೆ ನಡೆಯಬಹುದು. ಮುಂದಿನ ತಿಂಗಳು ಸ್ನೇಹಿತರೊಬ್ಬರು ದಾರ್‌ಗೆ ಬರುತ್ತಿದ್ದಾರೆ, ಅವರ ಕೈಲಿ ಡಿಎಸ್3231 ಎರಡು ತರಿಸುತ್ತಿದ್ದೇನೆ. ಅಂಕಿ ತೋರಿಸುವ ಏಳು ಸೆಗ್ಮೆಂಟಿನ ದೊಡ್ಡ ಡಿಸ್‌ಪ್ಲೇ ಮೂರನ್ನು ಪೈ ಪಿಕೊ ಅನ್ನೋ ಒಂದೇ ಪುಟ್ಟ ಬೋರ್ಡಿನಿಂದ ಯಾರಾದರೂ ಓಡಿಸಿದ್ದರೆ ವೈರಿಂಗ್ ಚಿತ್ರ ಕಳಿಸಿ. ಬಿಸಿಲಲ್ಲಿ ಕೆಂಪು ಬಣ್ಣ ಕಾಣುತ್ತೋ, ಹಸಿರು ಕಾಣುತ್ತೋ ಅನ್ನೋದನ್ನೂ ಬರೆಯಿರಿ. ಲೈಬ್ರರಿ ಕಿಟಕಿ ಪಡುವಣಕ್ಕಿದೆ, ಸಾ ಕುಮಿ ಹೊತ್ತಿಗೆ ಬಿಸಿಲು ನೇರ ಗೋಡೆಗೇ ಬೀಳುತ್ತದೆ.