ಅಪ್ಪನ ನೋಟ್‌ಬುಕ್ಕಿನ ಒಂಟೆ

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಯಾರೂ ಸುಮ್ನೆ ಹೊರಗೆ ಕಾಲಿಡುವುದಿಲ್ಲ. ಕೂಲರ್‌ಗೆ ನೀರು ತುಂಬಿಸಿ ಅದರ ಮುಂದೆ ಬಿದ್ದುಕೊಳ್ಳುವುದೇ ಕೆಲಸ. ಅಂಥ ಒಂದು ಮಧ್ಯಾಹ್ನ ಅಣ್ಣನ ಮಗಳು ಅಲಮಾರಿಯಿಂದ ಅಪ್ಪನ ಹಳೇ ನೋಟ್‌ಬುಕ್ ಎಳೆದು ತಂದಳು.

"ಕಾಕಾ, ಮುತ್ಯಾ ಇದೇನ್ ಬರ್ದಾನ? ಫಾರ್ಮುಲಾ ಏನು?"

ಫಾರ್ಮುಲಾ ಅಲ್ಲ, ಚೆಸ್. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಅಮೆರಿಕದ ಫಿಶರ್ ಮತ್ತು ಸೋವಿಯತ್ ರಷ್ಯಾದ ಸ್ಪಾಸ್ಕಿ ಆಡಿದ ವಿಶ್ವ ಚಾಂಪಿಯನ್‌ಶಿಪ್ಪಿನ ಆರನೇ ಆಟ. ಅಪ್ಪ ಆಗ ಇಲ್ಲೇ ಕಾಲೇಜಿನಲ್ಲಿದ್ದರು. ಊರಿನ ಹೆಸರು ಆಗಿನ್ನೂ ಗುಲ್ಬರ್ಗಾ. ಇಂಗ್ಲಿಷ್ ಪೇಪರ್ ನೋಡಿ ಪೆನ್ಸಿಲ್‌ನಲ್ಲಿ ಇಳಿಸಿಕೊಂಡಿದ್ದರು. ಹುಡುಗಿ ಚೆಸ್ ಕಲಿತದ್ದು ಮೊಬೈಲಿನಲ್ಲಿ. 1981ರಿಂದ ವಿಶ್ವ ಚೆಸ್ ಸಂಸ್ಥೆ ಫಿಡೆ ನಡೆ ಬರೆಯುವ ಹೊಸ ಪದ್ಧತಿಯನ್ನಷ್ಟೇ ಒಪ್ಪುತ್ತದೆ: ಸಾಲುಗಳಿಗೆ ಎಯಿಂದ ಎಚ್‌ವರೆಗೆ ಅಕ್ಷರ, ಮನೆಗಳಿಗೆ ಬಿಳಿಯ ಕಡೆಯಿಂದ ಒಂದರಿಂದ ಎಂಟರವರೆಗೆ ಅಂಕಿ. ಹಾಗಾಗಿ ಹಳೆಯದನ್ನು ಅವಳು ನೋಡಿಯೇ ಇರಲಿಲ್ಲ. ಬದಲಾಯಿಸಿ ಕೊಟ್ಟರಾಯಿತು, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಸಂಜೆಯಾಯಿತು.

ಬಿಳಿ ಕಾಯಿ ಫಿಶರ್‌ದು, ಮೊದಲ ನಡೆ 'ಪಿ-ಕ್ಯೂಬಿ4'. ಹಳೇ ಪದ್ಧತಿಯಲ್ಲಿ ಆಟದ ಶುರುವಿಗೆ ಯಾವ ಕಾಯಿ ಎಲ್ಲಿ ನಿಂತಿರುತ್ತದೋ, ಆ ಸಾಲಿಗೆ ಅದರದೇ ಹೆಸರು. ಕ್ಯೂಬಿ ಅಂದರೆ ರಾಣಿ ಕಡೆಯ ಒಂಟೆಯ, ಅಂದರೆ ಬಿಷಪ್ಪಿನ, ಸಾಲು. (ನಮ್ಮಪ್ಪ ಆ ಕಾಯಿಗೆ ರಾಣಿ ಅನ್ನುವುದಿಲ್ಲ, ವಜೀರ ಅಂತಲೇ ಅನ್ನುವುದು.) ಆ ಸಾಲಿನ ನಾಲ್ಕನೇ ಮನೆಗೆ ಪ್ಯಾದೆ. ಅಂದರೆ ಸಿ4. ಸರಿ ಹೋಯಿತು. ಕಪ್ಪಿನ ಉತ್ತರ 'ಪಿ-ಕೆ3'. ಕೆ ಅಂದರೆ ರಾಜನ ಸಾಲು. ನಾನು ಇ3 ಅಂದೆ. ಅವಳು ಮೊಬೈಲಿನಲ್ಲಿ ಎಳೆದಳು. ಪ್ಯಾದೆ ವಾಪಸ್ ತನ್ನ ಮನೆಗೇ ಬಂತು.

ಮಂಚದ ಮೇಲಿದ್ದ ಅಪ್ಪ ಕಣ್ಣು ತೆರೆಯದೆ ಅಂದರು: "ಕರಿ ಆಡಾಂವ ತನ್ನ ಕಡಿಂದ ಎಣಸ್ತಾನ."

ಅಷ್ಟೇ ವಿಷಯ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಣಿಸುವುದರಿಂದ ಪ್ರತಿ ಮನೆಗೂ ಎರಡು ಹೆಸರು. ಕಪ್ಪಿನ ಅಂಕಿಯನ್ನು ಒಂಬತ್ತರಿಂದ ಕಳೆದರೆ ಹೊಸ ಅಂಕಿ. ಇ6.

ಆಮೇಲೆ ಕೈ ಓಡಿತು. ಕುದುರೆಗೆ ಅಪ್ಪ 'ಕೆಟಿ' ಅಂತ ಬರೆದಿದ್ದರು. ಕೆಲವು ಕಡೆ 'ಟಿ' ಅಳಿಸಿ ಹೋಗಿ ಕುದುರೆ ರಾಜನಾಗಿ ಕಾಣುತ್ತಿತ್ತು, ಅದೊಂದು ಕಾಟ. ಐದನೇ ನಡೆಗೆ ಬಂದಾಗ ನಿಂತೆವು. 'ಬಿ-ಕೆಟಿ5', ಒಂಟೆ ಕುದುರೆಯ ಸಾಲಿಗೆ. ಆದರೆ ಕುದುರೆ ಎರಡಲ್ವಾ? ಯಾವ ಕುದುರೆ ಅಂತ ಬರೆದಿಲ್ಲ. ಒಂದೇ ಕಡೆ ಹೋಗಲು ಸಾಧ್ಯವಿದ್ದರೆ ಬರೆಯುತ್ತಲೇ ಇರಲಿಲ್ಲವಂತೆ. ಆಟ ನೋಡಿದರೆ ಒಂದು ಒಂಟೆಗೆ ತನ್ನದೇ ಪ್ಯಾದೆ ಅಡ್ಡ. ಇನ್ನೊಂದಕ್ಕೆ ಜಿ5 ಖಾಲಿ. ಹದಿನಾಲ್ಕನೇ ನಡೆಯಲ್ಲಿ ಮತ್ತೆ ಅದೇ 'ಬಿ-ಕೆಟಿ5'. ಅಷ್ಟೊತ್ತಿಗೆ ಆ ಒಂಟೆ ಸತ್ತಿದೆ. ಈಗ ಹೋಗುವುದು ಬಿಳಿ ಮನೆಗಳ ಒಂಟೆ, ಅದೂ ಬಿ5ಕ್ಕೆ. ಬರೆದದ್ದು ಒಂದೇ, ಮನೆ ಬೇರೆ. ಕೋಷ್ಟಕ ಹಾಕಿಕೊಂಡು ಅಕ್ಷರ ಬದಲಾಯಿಸುವ ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಒಂದೊಂದೇ ನಡೆ ಆಡುತ್ತಲೇ ಹೋಗಬೇಕು.

ಆಡಿದೆವು. 39ನೇ ನಡೆಯಲ್ಲಿ ಮತ್ತೆ ಗಾಡಿ ನಿಂತಿತು. ಆನೆ ಎಫ್6ರ ಪ್ಯಾದೆ ಹೊಡೆಯಬೇಕು. ನಮ್ಮ ಆನೆ ದೂರ ಸಿ1ರಲ್ಲಿ ತಣ್ಣಗೆ ನಿಂತಿದೆ. ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡಿದರೆ ತಪ್ಪು 28ರಲ್ಲಿ. 'ಆರ್-ಬಿ1' ಅಂತಷ್ಟೇ ಇದೆ, ಅಂದರೆ ಆನೆ ಒಂಟೆಯ ಸಾಲಿನ ಮೊದಲ ಮನೆಗೆ. ಎರಡೂ ಆನೆ ಎಫ್1ಕ್ಕೆ ಬರಬಹುದು. ನಾವು ಎಫ್5ರ ಆನೆಯನ್ನು ಹಿಂದೆ ತಂದಿದ್ದೆವು. ಹನ್ನೊಂದು ನಡೆ ಮೊಬೈಲೂ ಏನೂ ಅನ್ನಲಿಲ್ಲ. ಹೊಸ ಪದ್ಧತಿಯಲ್ಲೂ ಯಾವ ಆನೆ ಅಂತ ಹೇಳಲೇಬೇಕು, ಇದರಲ್ಲಿ ಹಳೆಯದರ ತಪ್ಪೇನಿಲ್ಲ.

ಅಪ್ಪ ಎದ್ದು ಕೂತರು. ಕನ್ನಡಕ ಹಾಕಿಕೊಂಡು ಮೊಬೈಲ್ ದೂರ ಹಿಡಿದು ನೋಡಿದರು. "ಮುಂದ ಹೋಗಿದ್ದ ಆನಿ ಹಿಂದ್ಯಾಕ ತರ್ತಾನ? ಎರಡೂ ಒಂದರ ಹಿಂದ ಒಂದ್ ನಿಲ್ಲಸ್ಯಾನ."

ಸಿ1ರ ಆನೆಯನ್ನು ಎಫ್1ಕ್ಕೆ ಸರಿಸಿ ಮುಂದೆ ಆಡಿದೆವು. 41ನೇ ನಡೆಗೆ ಸ್ಪಾಸ್ಕಿ ಕೈ ಎತ್ತಿದ. ಹುಡುಗಿ ಎಲ್ಲವನ್ನೂ ಹೊಸ ಪದ್ಧತಿಯಲ್ಲಿ ಬರೆದುಕೊಂಡಳು. ಅಪ್ಪ ಪೆನ್ಸಿಲ್ ಕೇಳಿ ಇಸಕೊಂಡು, ತಮ್ಮ ನೋಟ್‌ಬುಕ್ಕಿನಲ್ಲಿ 28ನೇ ಸಾಲು ಹುಡುಕಿ, 'ಆರ್'ಗೆ ಮೊದಲು ಸಣ್ಣದಾಗಿ ಒಂದು 'ಕ್ಯೂ' ಸೇರಿಸಿದರು.