ಮೂಗಿನ ತುದಿಯ 127 ಡಿಗ್ರಿ

21 ಜನವರಿ 2026, ಬುಧವಾರ

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ವಿಮಾನ ಕಾಂಕಾರ್ಡ್ ಟಿಕೆಟ್ ಪ್ರಯಾಣಿಕರನ್ನು ಹೊತ್ತು ಹಾರಲು ಶುರುಮಾಡಿ ಇವತ್ತಿಗೆ ಐವತ್ತು ವರ್ಷ. 1976ರ ಇದೇ ದಿನ ಲಂಡನ್‌ನಿಂದ ಬಹ್ರೇನ್‌ಗೆ ಒಂದು, ಪ್ಯಾರಿಸ್‌ನಿಂದ ಡಾಕರ್ ಮಾರ್ಗವಾಗಿ ರಿಯೊಗೆ ಇನ್ನೊಂದು ಹೊರಟವು. ವೇಗದ ಮಾತು ಬಂದರೆ ಎಲ್ಲರೂ ಹೊಗಳುವುದು ಎಂಜಿನ್ನನ್ನು. ಆದರೆ ಮ್ಯಾಕ್ 2.04ರ (ಶಬ್ದದ ವೇಗದ 2.04 ಪಟ್ಟು) ಗೆರೆ ಎಳೆದದ್ದು ಮೈಯ ಅಲ್ಯೂಮಿನಿಯಂ.

ಹೊರಗೆ ಮೈನಸ್ 56 ಡಿಗ್ರಿ ಇದ್ದರೂ ಗಂಟೆಗೆ 2,150 ಕಿ.ಮೀ. ಓಟದಲ್ಲಿ ಮೂಗಿಗೆ ಬಡಿದು ಒತ್ತಿಕೊಳ್ಳುವ ಗಾಳಿ ಸುಮಾರು 120 ಡಿಗ್ರಿಗೆ ಕಾಯುತ್ತದೆ. ಮೂಗಿಗೆ ಕೊಟ್ಟ ಮಿತಿ 127. ಹೊರಗಿನ ಗಾಳಿ ಐದು ಡಿಗ್ರಿ ಬೆಚ್ಚಗಾದರೆ ಸಾಕು, ವೇಗ ಇಳಿಸದೆ ವಿಧಿಯಿಲ್ಲ. ಕಾದ ವಿಮಾನ ಹಿಗ್ಗಿ ಉದ್ದವಾಗುತ್ತಿತ್ತು. ಎಂಜಿನ್, ಇಂಧನ ನೋಡಿಕೊಳ್ಳುವ ಫ್ಲೈಟ್ ಎಂಜಿನಿಯರ್‌ನ ಪ್ಯಾನೆಲ್ ಪಕ್ಕ ಆಗ ಬಿಡುತ್ತಿದ್ದ ಸಂದಿಯಲ್ಲಿ ಟೋಪಿ ಸಿಕ್ಕಿಸಬಹುದಿತ್ತು. ಮೈ ತಣಿದ ಮೇಲೆ ಸಂದಿ ಮುಚ್ಚಿಕೊಂಡು, ಟೋಪಿ ಒಳಗೇ ಉಳಿಯುತ್ತಿತ್ತು.

ಏರುವ ಕ್ರಮ ಹೀಗೆ: ಭೂಭಾಗದ ಮೇಲೆ ಹಾರುವಷ್ಟು ಹೊತ್ತೂ ಮ್ಯಾಕ್ 0.95. ಸಮುದ್ರ ಸಿಕ್ಕಿದ ಮೇಲೆ ಎರಡೆರಡು ಎಂಜಿನ್‌ಗಳ ರೀಹೀಟ್ (ಎಂಜಿನ್ನಿನ ಹಿಂಭಾಗದಲ್ಲಿ ಹೆಚ್ಚುವರಿ ಇಂಧನ ಉರಿಸಿ ಬಲ ಹೆಚ್ಚಿಸುವ ವ್ಯವಸ್ಥೆ) ಹೊತ್ತಿಸಿ, ಮ್ಯಾಕ್ 1.7ರಲ್ಲಿ ಆರಿಸುವುದು. ಮುಂದೆ ಮ್ಯಾಕ್ 2ರ ಓಟಕ್ಕೆ ರೀಹೀಟ್ ಬೇಕಿರಲಿಲ್ಲ. ಸೋವಿಯತ್ ಒಕ್ಕೂಟದ ಶಬ್ದಾತೀತ ಪ್ರಯಾಣಿಕ ವಿಮಾನ ಟಿಯು-144 ಸೋತದ್ದು ಇಲ್ಲೇ: ದಾರಿಯುದ್ದಕ್ಕೂ ರೀಹೀಟ್ ಉರಿಸಿ ಇಂಧನ ಕುಡಿಯುತ್ತಿತ್ತು.

ಕಾಂಕಾರ್ಡ್ ಹೀಗೆ ವೇಗ ಏರಿಸುವ ಹೊತ್ತಿಗೆ ಸುಮಾರು 20 ಟನ್ ಇಂಧನವನ್ನು ಬಾಲದ ಕಡೆಗೆ ಪಂಪ್ ಮಾಡಬೇಕು. ಶಬ್ದದ ವೇಗ ದಾಟಿದಾಗ ರೆಕ್ಕೆಯ ಎತ್ತುವ ಬಲ ಹಿಂದಕ್ಕೆ ಜಾರುತ್ತದೆ. ತೂಕವೂ ಹಿಂದೆ ಸರಿಯದಿದ್ದರೆ ಮೂಗು ಕೆಳಗೆ ಬಾಗುತ್ತದೆ. ವೇಗ ಇಳಿಯುವಾಗ ಅದೇ ಇಂಧನ ಮುಂದಕ್ಕೆ ಬರಬೇಕು, ಇಲ್ಲವಾದರೆ ಬಾಲಭಾರವಾಗಿ ವಿಮಾನ ಹಿಡಿತಕ್ಕೆ ಸಿಗದು. ಎಂಜಿನ್ ಕೆಟ್ಟು ವೇಗ ಇಳಿಯುವಾಗ ಎಂಜಿನಿಯರ್‌ಗೆ ಎರಡು ಕೈ ಸಾಲದು ಅನ್ನುವುದು ಇದಕ್ಕೇ.

ಎತ್ತರಕ್ಕೆ ನಿಗದಿಯಾದ ಒಂದು ಅಂಕಿ ಇರಲಿಲ್ಲ. 50,000 ಅಡಿಯಿಂದ ಶುರುವಾಗಿ, ಇಂಧನ ಉರಿದು ಮೈ ಹಗುರಾದಂತೆ ತಾನೇ ಮೇಲಕ್ಕೆ ತೇಲುತ್ತಿತ್ತು. 60,000 ಅಡಿ ಹೆಚ್ಚಾಗಿ ಸಿಗುತ್ತಿದ್ದದ್ದು ಬಾರ್ಬಡೋಸ್ ದಾರಿಯಲ್ಲಿ. ವಿಚಿತ್ರವೆನಿಸಬಹುದು, ಆ ಎತ್ತರದಲ್ಲಿ ಉಷ್ಣವಲಯದ ಗಾಳಿಯೇ ಹೆಚ್ಚು ತಣ್ಣಗೆ, ಎಂಜಿನ್‌ಗೆ ಅಲ್ಲಿ ಬಲ ಜಾಸ್ತಿ.

60,000 ದಾಟಲು ಅನುಮತಿ ಇರಲಿಲ್ಲ. ಅಲ್ಲಿ ಗಾಳಿಯ ಒತ್ತಡ ನೆಲದ್ದರ ಹದಿನಾಲ್ಕನೇ ಒಂದು ಪಾಲು. ಮಾಸ್ಕ್‌ನಲ್ಲಿ ಬರೀ ಆಮ್ಲಜನಕ ಕೊಟ್ಟರೂ ಪ್ರಯಾಣಿಕರು ಎಚ್ಚರವಾಗಿ ಉಳಿಯುವುದಿಲ್ಲ. ಕಿಟಕಿಗಳನ್ನು ಅಂಗೈಯಗಲಕ್ಕೆ ಇಳಿಸಿದ್ದೂ ಅದಕ್ಕೇ. ಒಂದು ಒಡೆದರೂ ಗಾಳಿ ನಿಧಾನವಾಗಿ ಸೋರಬೇಕು, ಅಷ್ಟರಲ್ಲಿ ಪೈಲಟ್ ಕೆಳಗಿಳಿಸಬೇಕು.